ಕೇಸು ನಿಮ್ಮದು, ಕಾಗದವೂ ನಿಮ್ಮದೇ

ಪ್ರಶ್ನೆ

ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಯಜಮಾನರು ಹಿರಿಯೂರು ಕಡೆ ಒಂದು ಜಲ್ಲಿ ಕ್ರಷರ್‌ನಲ್ಲಿ ಎಂಟು ವರ್ಷ ದುಡಿದರು. ಕೆಲಸಕ್ಕೆ ಸೇರಿಸಿದ್ದು ಕಂಟ್ರಾಕ್ಟರ್. ಸಂಬಳ ತಿಂಗಳಿಗೆ 15,000 ರೂಪಾಯಿ. 2024ರಲ್ಲಿ ಗಣೇಶನ ಹಬ್ಬ ಆದ ಮರುವಾರ ಬೆಲ್ಟಿಗೆ ಕೈ ಸಿಕ್ಕಿ ಬಲಗೈಯ ಮೂರು ಬೆರಳು ಹೋದವು. ಆಗ ಅವರಿಗೆ 40 ವರ್ಷ. ಮಾಲೀಕರು ಆಸ್ಪತ್ರೆ ಬಿಲ್ಲು ಕಟ್ಟಿದರು, ಕೈಗೆ 40,000 ಕೊಟ್ಟರು, ಎರಡು ಖಾಲಿ ಹಾಳೆ ಮೇಲೆ ಸಹಿ ಹಾಕಿಸಿಕೊಂಡರು. ಗಾಯ ಮಾಗಿ ಯುಗಾದಿ ಹೊತ್ತಿಗೆ ಕೆಲಸಕ್ಕೆ ಹೋದರೆ, ‘ಈ ಕೈಯಲ್ಲಿ ಏನು ಕೆಲಸ ಮಾಡ್ತೀಯ, ಮನೇಲಿರು’ ಅಂದರಂತೆ.

ಊರಿನವರು ಹೇಳಿದರೆಂದು ಒಬ್ಬ ವಕೀಲರ ಹತ್ತಿರ ಹೋದೆವು. ಮೊದಲು 10,000, ಆಮೇಲೆ ಎರಡು ಸಲ ಐದೈದು ಸಾವಿರ ಕೊಟ್ಟೆವು. ರಸೀದಿ ಇಲ್ಲ. ಪರಿಹಾರ ಬಂದರೆ ಮೂರರಲ್ಲಿ ಒಂದು ಪಾಲು ಅವರಿಗೆ ಅಂತ ಬರೆಸಿಕೊಂಡಿದ್ದಾರೆ. ಆಸ್ಪತ್ರೆಯ ಅಸಲು ಕಾಗದಗಳೆಲ್ಲ ಅವರ ಹತ್ತಿರವೇ ಇವೆ. ಕೇಳಿದಾಗಲೆಲ್ಲ ‘ಡೇಟ್ ಬಂದಿಲ್ಲ’ ಅನ್ನುತ್ತಾರೆ. ಕೇಸ್ ನಂಬರ್ ಕೇಳಿದರೆ, ‘ನನ್ನ ಮೇಲೆ ನಂಬಿಕೆ ಇಲ್ಲವೇನಮ್ಮ?’ ಅಂತಾರೆ. ಬೇರೆ ವಕೀಲರನ್ನು ಕೇಳಿದೆವು. ಮೊದಲಿನವರಿಂದ ಎನ್‌ಓಸಿ ತನ್ನಿ ಅಂದರು. ಎದುರು ಹಾಕಿಕೊಂಡರೆ ಕೇಸೇ ಕೆಟ್ಟುಹೋಗುತ್ತದೇನೋ ಅಂತ ಭಯ. ಖಾಲಿ ಹಾಳೆಗೆ ಸಹಿ ಮಾಡಿದ್ದರಿಂದ ಮೊದಲೇ ಎಲ್ಲ ಕಳೆದುಕೊಂಡಿದ್ದೇವಾ? ನಾವು ಏನು ಮಾಡಬೇಕು?
— ಹೆಸರು ಬೇಡ

ಉತ್ತರ

ತಂಗಿ, ನೀವು ಏನನ್ನೂ ಕಳೆದುಕೊಂಡಿಲ್ಲ. ಆದರೆ ಕಾಯುತ್ತ ಕೂತರೆ ಕಳೆದುಕೊಳ್ಳಬಹುದು. ಅಪಘಾತದ ಪರಿಹಾರಕ್ಕೆ ಅರ್ಜಿ ಹಾಕಲು ಕಾನೂನು ಕೊಟ್ಟಿರುವ ಸಮಯ ಎರಡು ವರ್ಷ. ನಿಮ್ಮ ಯಜಮಾನರ ಲೆಕ್ಕದಲ್ಲಿ ಅದು 2026ರ ಸೆಪ್ಟೆಂಬರ್ ಎರಡನೇ ವಾರಕ್ಕೆ ಮುಗಿಯುತ್ತದೆ. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಮನ್ನಿಸುವ ಅಧಿಕಾರ ಪರಿಹಾರದ ಅರ್ಜಿ ಕೇಳುವ ಆಯುಕ್ತರಿಗೆ ಇದೆ. ಅದನ್ನು ನಂಬಿ ದಿನ ದೂಡಬೇಡಿ. ಹಾಗಾಗಿ ನಿಮ್ಮ ಮೊದಲ ಕೆಲಸ ವಕೀಲರ ಜೊತೆ ಜಗಳವಲ್ಲ, ಅರ್ಜಿ ನಿಜಕ್ಕೂ ದಾಖಲಾಗಿದೆಯೇ ಎಂದು ತಿಳಿಯುವುದು.

ಅರ್ಜಿ ದಾಖಲಾಗಿದೆಯೇ?

ಇದನ್ನು ತಿಳಿಯಲು ಯಾರ ಅನುಮತಿಯೂ ಬೇಡ. ಮಗನೋ ಮಗಳೋ ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಳ್ಳಲಿ. ಕರ್ನಾಟಕ, ಚಿತ್ರದುರ್ಗ ಜಿಲ್ಲೆ, ಒಂದೊಂದೇ ನ್ಯಾಯಾಲಯ ಸಂಕೀರ್ಣ ಆರಿಸಿ, ಕಕ್ಷಿದಾರರ ಹೆಸರು ಮತ್ತು ವರ್ಷ ಕೊಟ್ಟು ಹುಡುಕಲಿ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ ಮೂರನ್ನೂ ನೋಡಿ, ಏಕೆಂದರೆ ಇಂಥ ಅರ್ಜಿಯನ್ನು ಅಪಘಾತ ನಡೆದ ಕಡೆಯೂ ಹಾಕಬಹುದು, ನೀವು ವಾಸವಿರುವ ಕಡೆಯೂ ಹಾಕಬಹುದು. ಹೆಸರಿನ ಕಾಗುಣಿತ ಬೇರೆ ಬೇರೆ ಥರ ಹಾಕಿ ನೋಡಿ. ಕೇಸ್ ಸಿಕ್ಕರೆ 16 ಅಕ್ಷರ-ಅಂಕಿಗಳ ಒಂದು ಸಿಎನ್‌ಆರ್ ಸಂಖ್ಯೆ ಕಾಣುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಮುಂದಿನ ದಿನಾಂಕ, ಹಿಂದಿನ ದಿನಾಂಕಗಳಲ್ಲಿ ಏನಾಯಿತು ಎಂಬುದೆಲ್ಲ ಆ ಒಂದು ಸಂಖ್ಯೆಯಿಂದ ಮನೆಯಲ್ಲೇ ಗೊತ್ತಾಗುತ್ತದೆ. ಫೋನಿನಲ್ಲಿ ಆಗದಿದ್ದರೆ ಹೊಳಲ್ಕೆರೆ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ.

ಕೇಸ್ ಸಿಗದಿದ್ದರೆ, ಅಂದರೆ ಇನ್ನೂ ದಾಖಲಾಗದೇ ಇದ್ದರೆ, ಎನ್‌ಓಸಿಯ ಚಿಂತೆಯೇ ಬೇಡ. ನ್ಯಾಯಾಲಯದಲ್ಲಿ ಒಬ್ಬ ವಕೀಲರ ವಕಾಲತ್ತು ಸಲ್ಲಿಕೆಯಾಗಿದ್ದಾಗ ಮಾತ್ರ ಇನ್ನೊಬ್ಬರು ಅವರ ಒಪ್ಪಿಗೆ ಕೇಳಬೇಕಾಗುತ್ತದೆ. ದಾಖಲಾಗದ ಕೇಸಿಗೆ ಹೊಸ ವಕೀಲರು ನಾಳೆಯೇ ಅರ್ಜಿ ಹಾಕಬಹುದು.

ಎಷ್ಟು ಬರಬೇಕು?

40,000 ಸಿಕ್ಕಿತಲ್ಲ ಎಂದು ಊರಿನಲ್ಲಿ ಕೆಲವರು ಹೇಳಿರಬಹುದು. ಕಾನೂನಿನ ಲೆಕ್ಕ ಬೇರೆ ಇದೆ, ನೀವೇ ನೋಡಿ.

ಅಪಘಾತ ಆದಾಗ ಜಾರಿಯಲ್ಲಿದ್ದದ್ದು 1923ರ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಪರಿಹಾರದ ವಿಷಯ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗಿದ್ದು, ಲೆಕ್ಕದ ಸೂತ್ರ ಬದಲಾಗಿಲ್ಲ. ತಿಂಗಳ ಸಂಬಳದ ಶೇ 60ನ್ನು ವಯಸ್ಸಿಗೆ ನಿಗದಿಯಾದ ಅಂಕಿಯಿಂದ ಗುಣಿಸಬೇಕು. 40 ವರ್ಷದವರಿಗೆ ಆ ಅಂಕಿ 184.17. ಬಂದ ಮೊತ್ತದಲ್ಲಿ ಗಾಯಕ್ಕೆ ತಕ್ಕ ಪಾಲು ಕೊಡಬೇಕು. ಒಂದೇ ಕೈಯ ಮೂರು ಬೆರಳು ಹೋದರೆ ಕಾಯ್ದೆಯ ಪಟ್ಟಿಯಲ್ಲಿ ಗಳಿಕೆಯ ಸಾಮರ್ಥ್ಯ ಶೇ 30 ಕುಂದಿದಂತೆ.

15,000ದ ಶೇ 60 ಎಂದರೆ 9,000. ಅದನ್ನು 184.17ರಿಂದ ಗುಣಿಸಿದರೆ 16,57,530. ಅದರ ಶೇ 30 ಎಂದರೆ 4,97,259 ರೂಪಾಯಿ. ಅಪಘಾತವಾಗಿ ಒಂದು ತಿಂಗಳೊಳಗೆ ಕೊಡದಿದ್ದರೆ ಇದಕ್ಕೆ ವರ್ಷಕ್ಕೆ ಶೇ 12 ಬಡ್ಡಿ ಸೇರುತ್ತದೆ. ತಡಮಾಡಿದ್ದಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಶೇ 50ರವರೆಗೆ ದಂಡವನ್ನೂ ಹಾಕಬಹುದು. ಕೈಯಲ್ಲಿ ಮಾಡುತ್ತಿದ್ದ ಕೆಲಸವನ್ನೇ ಮಾಡಲಾಗದ ಸ್ಥಿತಿ ಬಂದಿದ್ದರೆ ಪಟ್ಟಿಯ ಶೇಕಡಾವಾರಿಗಿಂತ ಹೆಚ್ಚು ಕೇಳಲೂ ದಾರಿಯಿದೆ. ಒಡಿಶಾದ ಒಂದು ಸಿನಿಮಾ ಮಂದಿರದಲ್ಲಿ ಕೆಲಸ ಮಾಡುವಾಗ ಬಿದ್ದು ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಒಂದೇ ಕೈಯಿಂದ ಬಡಗಿ ಕೆಲಸ ಸಾಗದು, ಆದ್ದರಿಂದ ಅವರ ಪಾಲಿಗೆ ನಷ್ಟ ಪೂರ್ತಿ ನಷ್ಟವೇ ಎಂದು ನ್ಯಾಯಾಲಯ ಒಪ್ಪಿತು. ಪರಿಹಾರ ಬಾಕಿಯಾಗುವುದು ಅಪಘಾತದ ದಿನದಿಂದ, ತೀರ್ಪಿನ ದಿನದಿಂದಲ್ಲ ಎಂದೂ ಹೇಳಿತು. ನಿಮ್ಮವರ ಕೈ ಈಗ ಎಷ್ಟು ಹಿಡಿಯುತ್ತದೆ, ಎಷ್ಟು ಎತ್ತುತ್ತದೆ ಎಂಬುದರ ಬಗ್ಗೆ ವೈದ್ಯರ ಪ್ರಮಾಣಪತ್ರ ಮಾಡಿಸಿ.

ಅದಕ್ಕೂ ಮೊದಲು ಒಂದು ವಿಷಯ ನೋಡಬೇಕು. ಸಂಬಳದಲ್ಲಿ ಇಎಸ್‌ಐ ಹಣ ಹಿಡಿಯುತ್ತಿದ್ದರೇ? ಇಎಸ್‌ಐ ಇದ್ದರೆ ಪರಿಹಾರ ಬರುವುದು ಇಎಸ್‌ಐ ನಿಗಮದಿಂದ, ತಿಂಗಳ ಅಂಗವೈಕಲ್ಯ ಭತ್ಯೆಯ ರೂಪದಲ್ಲಿ. ಆಗ ಈ ಕಾಯ್ದೆಯಡಿ ಬೇರೆ ಅರ್ಜಿ ನಡೆಯುವುದಿಲ್ಲ. ಇಎಸ್‌ಐ ಚೀಟಿ, ಪಿಎಫ್‌ನ ಯುಎಎನ್ ಸಂಖ್ಯೆ ಏನಾದರೂ ಕೊಟ್ಟಿದ್ದರೆ ಹುಡುಕಿ ತೆಗೆಯಿರಿ.

ಖಾಲಿ ಹಾಳೆ, ಕಂಟ್ರಾಕ್ಟರ್, ‘ಅವನದೇ ತಪ್ಪು’

ಮಾಲೀಕರ ಕಡೆಯಿಂದ ಮೂರು ಮಾತು ಬರುತ್ತವೆ. ಮೂರಕ್ಕೂ ಕಾನೂನು ಮೊದಲೇ ಉತ್ತರ ಬರೆದಿಟ್ಟಿದೆ.

‘ಎಲ್ಲ ಇತ್ಯರ್ಥ ಆಗಿದೆ ಅಂತ ಸಹಿ ಮಾಡಿಕೊಟ್ಟಿದ್ದಾನೆ’ ಎಂಬುದು ಮೊದಲನೆಯದು. ಕಾಯ್ದೆಯ ಪರಿಹಾರವನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ಊರ್ಜಿತವಲ್ಲ. ರಾಜಿ ಮಾಡಿಕೊಂಡರೂ ಅದನ್ನು ಆಯುಕ್ತರ ಮುಂದೆ ನೋಂದಾಯಿಸಬೇಕು. ನೋಂದಾಯಿಸದ ರಾಜಿಪತ್ರ ತೋರಿಸಿ ಮಾಲೀಕ ಪೂರ್ತಿ ಪರಿಹಾರದ ಹೊಣೆಯಿಂದ ಜಾರಿಕೊಳ್ಳಲಾರ. ಕೈಗೆ ಕೊಟ್ಟ 40,000ವನ್ನು ಒಟ್ಟು ಮೊತ್ತದಲ್ಲಿ ಕಳೆಯಿರಿ ಎಂದು ಅವರು ಕೇಳಬಹುದು. ಆಸ್ಪತ್ರೆಗೆ ಕಟ್ಟಿದ ಬಿಲ್ಲನ್ನು ಮಾತ್ರ ಪರಿಹಾರವೆಂದು ಎಣಿಸುವಂತಿಲ್ಲ. ಚಿಕಿತ್ಸೆಯ ಖರ್ಚು ಪರಿಹಾರದಿಂದ ಬೇರೆಯಾಗಿ ಮಾಲೀಕನೇ ಹೊರಬೇಕಾದದ್ದು.

ಎರಡನೆಯದು, ‘ಅವನು ಕಂಟ್ರಾಕ್ಟರ್ ಕಡೆಯವನು, ನಮ್ಮವನಲ್ಲ’. ಕ್ರಷರ್‌ನ ಕೆಲಸವನ್ನೇ ಕಂಟ್ರಾಕ್ಟರ್ ಮೂಲಕ ಮಾಡಿಸಿದಾಗ ಮುಖ್ಯ ಮಾಲೀಕನೇ ಪರಿಹಾರ ಕೊಡಬೇಕು. ಬೇಕಾದರೆ ಆಮೇಲೆ ಅವನು ಕಂಟ್ರಾಕ್ಟರನಿಂದ ವಸೂಲು ಮಾಡಿಕೊಳ್ಳಲಿ. ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿಸಿ.

ಮೂರನೆಯದು, ‘ಅವನೇ ಹುಷಾರಿಲ್ಲದೆ ಕೈ ಹಾಕಿದ’. ಬರೀ ಅಜಾಗರೂಕತೆಯಿಂದ ಪರಿಹಾರ ತಪ್ಪುವುದಿಲ್ಲ. ಕುಡಿದ ಅಮಲಿನಲ್ಲಿ ಆಯಿತು, ಸ್ಪಷ್ಟವಾಗಿ ಕೊಟ್ಟ ಸುರಕ್ಷತಾ ಆದೇಶವನ್ನು ಬೇಕೆಂದೇ ಮೀರಿದ, ಯಂತ್ರಕ್ಕಿದ್ದ ರಕ್ಷಣೆಯನ್ನು ಗೊತ್ತಿದ್ದೂ ತೆಗೆದ ಎಂಬುದನ್ನು ಮಾಲೀಕ ಸಾಬೀತು ಮಾಡಬೇಕು. ಬೆಲ್ಟಿಗೆ ಜಾಲರಿಯೇ ಇರಲಿಲ್ಲ ಎಂದಾದರೆ ಆ ವಾದ ಎಲ್ಲಿ ನಿಲ್ಲುತ್ತದೆ?

ಇದಕ್ಕೆಲ್ಲ ಆಧಾರ ಬೇಕು. ಅಪಘಾತದ ದಿನ ಆಸ್ಪತ್ರೆಯಲ್ಲಿ ಬರೆದ ಎಂಎಲ್‌ಸಿ ದಾಖಲೆ, ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ ಇವುಗಳ ನಕಲನ್ನು ಆಸ್ಪತ್ರೆಗೆ ಅರ್ಜಿ ಕೊಟ್ಟು ಮತ್ತೆ ಪಡೆಯಬಹುದು. ಅಸಲು ವಕೀಲರ ಬಳಿ ಸಿಕ್ಕಿಕೊಂಡಿದೆ ಎಂದು ಕೈಕಟ್ಟಿ ಕೂರಬೇಡಿ. ಸಂಬಳ ಬ್ಯಾಂಕಿಗೋ ಫೋನ್‌ಪೇಗೋ ಬರುತ್ತಿದ್ದರೆ ಪಾಸ್‌ಬುಕ್ ಎಂಟ್ರಿ ಸಾಕ್ಷಿ. ಜೊತೆಯಲ್ಲಿ ದುಡಿದವರ ಹೆಸರು, ಶಿಫ್ಟಿನ ವಾಟ್ಸ್‌ಆ್ಯಪ್ ಸಂದೇಶ, ಕ್ರಷರ್ ಬಳಿ ತೆಗೆದ ಫೋಟೋ ಎಲ್ಲವೂ ಉಪಯೋಗಕ್ಕೆ ಬರುತ್ತವೆ.

ಕೆಲಸ ಬಿಡಿಸಿದ್ದು ಬೇರೆಯೇ ಹಕ್ಕು

ಇದನ್ನು ಬಹಳ ಜನ ಮರೆತೇ ಬಿಡುತ್ತಾರೆ. ಬೆರಳಿನ ಪರಿಹಾರ ಒಂದು, ಎಂಟು ವರ್ಷ ದುಡಿದ ಸೇವೆಯ ಬಾಕಿ ಇನ್ನೊಂದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಐದು ವರ್ಷ ಸೇವೆ ಮುಗಿಸಿದವರಿಗೆ ಗ್ರಾಚ್ಯುಟಿ ಬರಬೇಕು. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 15,000 ಸಂಬಳಕ್ಕೆ ಎಂಟು ವರ್ಷಕ್ಕೆ ಸುಮಾರು 69,230 ರೂಪಾಯಿ. ನೋಟಿಸ್ ಇಲ್ಲದೆ, ಪರಿಹಾರ ಇಲ್ಲದೆ ಬಾಯಿಮಾತಿನಲ್ಲಿ ಮನೆಗೆ ಕಳಿಸಿದ್ದರ ಬಗ್ಗೆ ಕಾರ್ಮಿಕ ಇಲಾಖೆಯಲ್ಲಿ ದೂರು ಕೊಡಬೇಕು. ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಎರಡು ವರ್ಷ ದಾಟಿದ ವಿವಾದವನ್ನು ಸಂಧಾನಾಧಿಕಾರಿ ಕೈಗೆತ್ತಿಕೊಳ್ಳುವುದಿಲ್ಲ. ಆದ್ದರಿಂದ ಇದನ್ನೂ ಪರಿಹಾರದ ಅರ್ಜಿಯ ಜೊತೆಜೊತೆಗೇ ನಡೆಸಿ. ಪರಿಹಾರದ ಅರ್ಜಿಯನ್ನು ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಆಯುಕ್ತರಾಗಿ ಕೇಳುತ್ತ ಬಂದಿದ್ದಾರೆ. ಗ್ರಾಚ್ಯುಟಿ ಮತ್ತು ಕೆಲಸದ ವಿವಾದಕ್ಕೆ ಮೊದಲು ಹೋಗಬೇಕಾದದ್ದು ಚಿತ್ರದುರ್ಗದ ಕಾರ್ಮಿಕ ಅಧಿಕಾರಿಯ ಕಚೇರಿಗೆ.

ಈಗ ವಕೀಲರ ವಿಷಯ

ವಕೀಲರ ಮೇಲಿನ ಗೌರವ ನಮ್ಮ ಜಿಲ್ಲೆಯಲ್ಲಿ ಹಳೆಯದು. ಮುಂದೆ ರಾಜ್ಯದ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿ ನಡೆಸಿದವರು. ಬಡವರ ಕೇಸನ್ನು ಫೀ ನೋಡದೆ ನಡೆಸುವ ವಕೀಲರು ಇವತ್ತಿಗೂ ಪ್ರತಿ ತಾಲ್ಲೂಕಿನ ಬಾರ್‌ನಲ್ಲಿ ಇದ್ದಾರೆ. ಆ ಗೌರವ ಹಾಗೇ ಇರಲಿ. ಪ್ರಶ್ನೆ ಕೇಳಿದರೆ ಗೌರವ ಕೆಡುತ್ತದೆ ಎಂಬ ಭಾವನೆ ಮಾತ್ರ ಹೋಗಬೇಕು. ವಕಾಲತ್ತಿಗೆ ಸಹಿ ಮಾಡಿದಾಗ ನೀವು ಅವರಿಗೆ ಕೊಟ್ಟದ್ದು ನಿಮ್ಮ ಪರವಾಗಿ ಮಾತನಾಡುವ ಅಧಿಕಾರ. ಕೇಸನ್ನೇ ಬರೆದುಕೊಟ್ಟಿಲ್ಲ. ಕೇಸ್ ನಂಬರ್ ಕೇಳುವುದು ಅಪನಂಬಿಕೆಯಲ್ಲ, ಕಕ್ಷಿದಾರರು ಮಾಡಲೇಬೇಕಾದ ಕೆಲಸ.

ಮೂರರಲ್ಲಿ ಒಂದು ಪಾಲಿನ ಬರಹಕ್ಕೆ ಹೆದರಬೇಡಿ. ಕೇಸಿನ ಫಲದ ಮೇಲೆ ಫೀ ಗೊತ್ತುಮಾಡುವುದನ್ನು, ಬಂದ ಹಣದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನೇರವಾಗಿ ನಿಷೇಧಿಸಿವೆ. ಇಂಥ ಪಾಲಿನ ಕರಾರು ವೃತ್ತಿಯ ದುರ್ನಡತೆ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿದೆ. ಅಷ್ಟೇ ಅಲ್ಲ, ಕಾರ್ಮಿಕನ ಪರಿಹಾರದ ಹಣವನ್ನು ಇನ್ನೊಬ್ಬರಿಗೆ ಬರೆದುಕೊಡುವುದಕ್ಕಾಗಲೀ, ಸಾಲಕ್ಕೆ ಜಪ್ತಿ ಮಾಡುವುದಕ್ಕಾಗಲೀ ಪರಿಹಾರ ಕಾಯ್ದೆಯೇ ಅವಕಾಶ ಕೊಡುವುದಿಲ್ಲ. ಹಣ ಬರುವಾಗ ನಿಮ್ಮ ಯಜಮಾನರ ಖಾತೆಗೇ ಜಮಾ ಆಗುವಂತೆ ಅವರ ಪಾಸ್‌ಬುಕ್ಕಿನ ನಕಲು ಕೊಡಿ. ಬೇರೆ ಯಾರ ಖಾತೆಯೂ ಬೇಡ. ಆದರೆ ಮಾಡಿದ ಕೆಲಸಕ್ಕೆ ನ್ಯಾಯವಾದ ಫೀ ಕೊಡುವುದು ನಿಮ್ಮ ಕರ್ತವ್ಯ. ಅದನ್ನು ತಪ್ಪಿಸಬೇಡಿ.

ಕೊಟ್ಟ 20,000ದ ಲೆಕ್ಕ ಕೇಳುವ ಹಕ್ಕೂ ನಿಮಗಿದೆ. ಕಕ್ಷಿದಾರರಿಂದ ಬಂದ ಹಣದಲ್ಲಿ ಫೀ ಎಷ್ಟು, ಖರ್ಚಿಗೆ ಎಷ್ಟು ಎಂದು ಬೇರೆ ಬೇರೆ ಬರೆದಿಡಬೇಕು, ಕೇಳಿದರೆ ಆ ಲೆಕ್ಕದ ನಕಲು ಕೊಡಬೇಕು ಎಂಬುದು ಪರಿಷತ್ತಿನ ನಿಯಮ. ಕೇಸನ್ನು ನಡುವೆ ಬಿಟ್ಟರೆ, ಮಾಡದ ಕೆಲಸಕ್ಕೆ ಪಡೆದ ಫೀಯನ್ನು ಹಿಂತಿರುಗಿಸಬೇಕು.

ಇನ್ನು ಅಸಲು ಕಾಗದಗಳು. ಫೀ ಬಾಕಿ ಇದೆ ಎಂದು ಕೂಡ ವಕೀಲರು ಕಕ್ಷಿದಾರರ ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಮಧ್ಯಪ್ರದೇಶದ ರಾಜ್ಯ ಸಹಕಾರಿ ಬ್ಯಾಂಕಿನ ಕಾನೂನು ಸಲಹೆಗಾರರಾಗಿದ್ದ ಆರ್.ಡಿ. ಸಕ್ಸೇನಾ ಎಂಬ ವಕೀಲರು ಫೀ ಬಾಕಿಯ ಕಾರಣ ಹೇಳಿ ಬ್ಯಾಂಕಿನ ಕಡತಗಳನ್ನು ಕೊಡಲು ಒಪ್ಪಿರಲಿಲ್ಲ. 2000ದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ದುರ್ನಡತೆ ಎಂದು ಎತ್ತಿಹಿಡಿಯಿತು. ವಕೀಲರನ್ನು ಬದಲಿಸುವ ಸ್ವಾತಂತ್ರ್ಯ ಕಕ್ಷಿದಾರರದು, ಕಡತ ಸಿಗದಿದ್ದರೆ ಆ ಸ್ವಾತಂತ್ರ್ಯಕ್ಕೆ ಬೆಲೆಯಿಲ್ಲ, ಫೀ ಬೇಕಾದರೆ ವಕೀಲರು ಬೇರೆ ಕಾನೂನು ಮಾರ್ಗದಲ್ಲಿ ಕೇಳಲಿ ಎಂಬುದು ಆ ತೀರ್ಪಿನ ತಿರುಳು. ದೊಡ್ಡ ಬ್ಯಾಂಕಿಗೆ ಸಿಕ್ಕ ಈ ರಕ್ಷಣೆ ನಿಮಗೂ ಅಷ್ಟೇ ಅನ್ವಯಿಸುತ್ತದೆ.

ಕೇಸ್ ದಾಖಲಾಗಿದ್ದು, ವಕೀಲರು ಎನ್‌ಓಸಿ ಕೊಡಲು ಒಪ್ಪದಿದ್ದರೂ ದಾರಿ ಮುಚ್ಚುವುದಿಲ್ಲ. ಒಪ್ಪಿಗೆ ಕೇಳಿದೆವು, ಕೊಡಲಿಲ್ಲ ಎಂದು ತೋರಿಸಿ ಹೊಸ ವಕೀಲರು ನ್ಯಾಯಾಲಯದ ಅನುಮತಿ ಪಡೆಯಬಹುದು. ಅದಕ್ಕಾಗಿ ಕೇಳಿದ್ದು ಬರಹದಲ್ಲಿರಬೇಕು. ಹೀಗೆ ಒಂದು ಕಾಗದ ಬರೆಯಿರಿ:

‘ಮಾನ್ಯರೇ, ನನ್ನ ಅಪಘಾತ ಪರಿಹಾರದ ವಿಷಯದಲ್ಲಿ ತಮಗೆ ಇಂಥ ದಿನಾಂಕಗಳಂದು ಒಟ್ಟು 20,000 ರೂಪಾಯಿ ಮತ್ತು ಈ ಕೆಳಗಿನ ಅಸಲು ದಾಖಲೆಗಳನ್ನು ಕೊಟ್ಟಿರುತ್ತೇನೆ. ಪ್ರಕರಣ ದಾಖಲಾಗಿದ್ದರೆ ಅದರ ಸಂಖ್ಯೆ, ನ್ಯಾಯಾಲಯ ಮತ್ತು ಮುಂದಿನ ದಿನಾಂಕವನ್ನು ತಿಳಿಸಬೇಕೆಂದೂ, ಹಣದ ಲೆಕ್ಕ ಮತ್ತು ದಾಖಲೆಗಳನ್ನು ಈ ಪತ್ರ ತಲುಪಿದ ಏಳು ದಿನಗಳೊಳಗೆ ಕೊಡಬೇಕೆಂದೂ ಕೋರುತ್ತೇನೆ. ಬೇರೆ ವಕೀಲರನ್ನು ನೇಮಿಸಿಕೊಳ್ಳಲು ತಮ್ಮ ಒಪ್ಪಿಗೆ ಪತ್ರವನ್ನೂ ದಯಮಾಡಿ ಕೊಡಿ.’

ಯಜಮಾನರು ಸಹಿ ಮಾಡಲಿ. ಒಂದು ನಕಲು ಇಟ್ಟುಕೊಂಡು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅಂಚೆಯ ರಸೀದಿ ಜೋಪಾನ ಮಾಡಿ. ಕಾಗದದಲ್ಲಿ ಬೈಗುಳ, ಆರೋಪ ಬೇಡ. ಬಹಳಷ್ಟು ಸಲ ಇಷ್ಟಕ್ಕೇ ಕಡತ ವಾಪಸ್ ಬರುತ್ತದೆ. ಬರದಿದ್ದರೆ 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಒಂದು ವರ್ಷದಲ್ಲಿ ಅಲ್ಲಿ ಇತ್ಯರ್ಥವಾಗದಿದ್ದರೆ ದೂರು ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಗ್ರಾಹಕರ ನ್ಯಾಯಾಲಯಕ್ಕೆ ಹೋಗಿ ಎಂದು ಯಾರಾದರೂ ಹೇಳಿದರೆ ಆ ದಾರಿ ಈಗಿಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ 14ರಂದು ತೀರ್ಪು ಕೊಟ್ಟಿದೆ.

ಹೊಸ ವಕೀಲರಿಗೆ ಹಣ ಎಲ್ಲಿಂದ?

ನೀವು ಇದನ್ನು ಕೇಳಿಲ್ಲ. ಆದರೆ ಪತ್ರದ ಪ್ರತಿ ಸಾಲಿನಲ್ಲೂ ಈ ಚಿಂತೆ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಉಚಿತ ಕಾನೂನು ನೆರವಿಗೆ ಅರ್ಹರಾದವರ ಪಟ್ಟಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಅದರಲ್ಲಿ ಸೇರಿದ್ದಾರೆ. ಇವರಿಗೆ ವರಮಾನದ ಮಿತಿ ಇಲ್ಲ. ನಿಮ್ಮ ಯಜಮಾನರು ಕಾರ್ಮಿಕರೂ ಹೌದು, ಅಂಗವೈಕಲ್ಯದ ಪ್ರಮಾಣಪತ್ರ ಸಿಕ್ಕರೆ ಆ ಲೆಕ್ಕದಲ್ಲೂ ಅರ್ಹರು. ವಕೀಲರ ಫೀ, ಕೋರ್ಟ್ ಶುಲ್ಕ, ಟೈಪಿಂಗ್, ದಾಖಲೆಗಳ ನಕಲಿನ ಖರ್ಚನ್ನು ಪ್ರಾಧಿಕಾರವೇ ಹೊರುತ್ತದೆ. ಆಧಾರ್ ಕಾರ್ಡು ಮತ್ತು ಇರುವಷ್ಟು ಕಾಗದ ಹಿಡಿದು ಹೊಳಲ್ಕೆರೆಯ ಸಮಿತಿಗೋ ಚಿತ್ರದುರ್ಗ ನ್ಯಾಯಾಲಯದ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ಹೋಗಿ. ಹೋಗಲಾಗದಿದ್ದರೆ 15100 ಸಂಖ್ಯೆಗೆ ಕರೆ ಮಾಡಿ. ನೇಮಕವಾದ ವಕೀಲರು ನಿಮ್ಮಿಂದ ಹಣ ಕೇಳಿದರೆ ಸಮಿತಿಗೆ ತಿಳಿಸಿ.

ಇದೇ ಜಿಲ್ಲೆಯ ಇನ್ನು ಮೂರು ಪ್ರಶ್ನೆಗಳು

ಹಿರಿಯೂರಿನಿಂದ: ಹೈವೇ ಹೋಟೆಲಿನಲ್ಲಿ ಕೆಲಸ ಬಿಟ್ಟೆ. ಕೊನೆಯ ತಿಂಗಳ ಸಂಬಳ ಕೊಟ್ಟಿಲ್ಲ. ಮುಂಗಡ ತೀರಿಸುವವರೆಗೆ ಬೇರೆ ಕಡೆ ಹೋಗಬಾರದು ಅನ್ನುತ್ತಾರೆ.

ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕೆಂಬುದು ವೇತನ ಸಂಹಿತೆಯ ನಿಯಮ. ಬಾಕಿಗೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಅಧಿಕಾರಿ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. ಇನ್ನು ಮುಂಗಡದ ಮಾತು. ಸಾಲ ಕೊಟ್ಟವರು ಸಾಲವನ್ನು ಕಾನೂನಿನ ಮೂಲಕ ಕೇಳಲಿ. ಸಾಲದ ನೆಪದಲ್ಲಿ ಮನುಷ್ಯನನ್ನು ಹಿಡಿದಿಟ್ಟು ದುಡಿಸುವುದು 1976ರ ಜೀತಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಅದಕ್ಕೆ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ದೂರು ಕೊಡಿ.

ಹೊಸದುರ್ಗದಿಂದ: ಕೊಬ್ಬರಿ ಕೆಲಸದಲ್ಲಿ ಗಂಡಸರಿಗೂ ನಮಗೂ ಒಂದೇ ಕೆಲಸ. ಕೂಲಿ ಮಾತ್ರ ನಮಗೆ ಕಡಿಮೆ. ಕೇಳಿದರೆ ‘ಬೇಕಾದರೆ ಬನ್ನಿ, ಇಲ್ಲದಿದ್ದರೆ ಬಿಡಿ’ ಅಂತಾರೆ.

ಒಂದೇ ಬಗೆಯ ಕೆಲಸಕ್ಕೆ ಹೆಣ್ಣೆಂಬ ಕಾರಣಕ್ಕೆ ಕಡಿಮೆ ಕೂಲಿ ಕೊಡುವುದನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು. ಈಗ ವೇತನ ಸಂಹಿತೆಯೂ ನಿಷೇಧಿಸಿದೆ. ಒಬ್ಬೊಬ್ಬರೇ ಕೇಳಿದರೆ ಬಿಡಿ ಅನ್ನುತ್ತಾರೆ, ಆದ್ದರಿಂದ ಐದಾರು ಜನ ಸೇರಿ ಸಹಿ ಮಾಡಿ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ ಕೊಡಿ. ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತಲೂ ಕಡಿಮೆ ಕೊಡುತ್ತಿದ್ದಾರೆಯೇ ಎಂಬುದನ್ನೂ ಅಲ್ಲೇ ಕೇಳಿ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿದ್ದು ನೆನಪಿರಲಿ: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ. ಹಸಿವಿನಿಂದ ಒಪ್ಪಿಕೊಂಡದ್ದು ಮನಸಾರೆ ಒಪ್ಪಿದಂತಲ್ಲ.

ಚಿತ್ರದುರ್ಗದಿಂದ: ಲೋಕ ಅದಾಲತ್‌ನಲ್ಲಿ ನಮ್ಮ ಕೇಸನ್ನು ಕಡಿಮೆ ಮೊತ್ತಕ್ಕೆ ರಾಜಿ ಮಾಡಿಸಲು ವಕೀಲರು ಒತ್ತಾಯಿಸುತ್ತಿದ್ದಾರೆ. ಒಪ್ಪಲೇಬೇಕೇ?

ಒಪ್ಪಲೇಬೇಕೆಂದಿಲ್ಲ. ಲೋಕ ಅದಾಲತ್ ನಡೆಯುವುದೇ ಎರಡೂ ಕಡೆಯ ಒಪ್ಪಿಗೆಯ ಮೇಲೆ. ಒಪ್ಪದಿದ್ದರೆ ಕೇಸ್ ಮೊದಲಿದ್ದ ನ್ಯಾಯಾಲಯಕ್ಕೆ ಹಿಂತಿರುಗುತ್ತದೆ, ನಿಮಗೆ ಯಾವ ನಷ್ಟವೂ ಇಲ್ಲ. ರಾಜಿ ಒಳ್ಳೆಯದಾಗಿದ್ದರೆ ಬೇಗ ಹಣ ಬರುತ್ತದೆ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಸಿಗುತ್ತದೆ. ಆದರೆ ಸಹಿ ಮಾಡಿದ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಮೊತ್ತ ಎಷ್ಟು, ಯಾವ ದಿನಕ್ಕೆ, ಯಾರ ಖಾತೆಗೆ ಎಂಬುದನ್ನು ಓದಿಸಿ ಕೇಳಿದ ಮೇಲಷ್ಟೇ ಸಹಿ ಹಾಕಿ. ನಿಮ್ಮ ಸೂಚನೆ ಇಲ್ಲದೆ ನಿಮ್ಮ ಹಕ್ಕನ್ನು ಬಿಟ್ಟುಕೊಡುವ ಮಾತನ್ನು ವಕೀಲರು ಆಡಬಾರದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ವಕಾಲತ್ತಿನಲ್ಲಿ ರಾಜಿಯ ಅಧಿಕಾರವನ್ನೂ ಬರೆದಿರುತ್ತಾರೆ. ಅದು ನಿಮಗೆ ಬೇಡವಾದರೆ ಸಹಿ ಮಾಡುವ ಮೊದಲೇ ಆ ಸಾಲನ್ನು ಹೊಡೆದುಹಾಕಿಸಿ.

ನಾಲ್ಕೂ ಪತ್ರಗಳಲ್ಲಿ ಒಂದೇ ಅಂಜಿಕೆ ಕಾಣುತ್ತಿದೆ. ಸಂಬಳ ಕೇಳಿದರೆ ಕೆಲಸ ಹೋದೀತು, ಲೆಕ್ಕ ಕೇಳಿದರೆ ವಕೀಲರು ಮುನಿದಾರು, ರಾಜಿ ಬೇಡ ಎಂದರೆ ಕೇಸ್ ಬಿದ್ದೀತು. ಈ ಅಂಜಿಕೆ ಸುಳ್ಳಲ್ಲ, ಅದಕ್ಕೆ ಕಾರಣಗಳಿವೆ. ಆದರೆ ಮೇಲೆ ಹೇಳಿದ ಒಂದೊಂದು ನಿಯಮವೂ ಹಾಗೆ ಅಂಜಿದವರಿಗೆಂದೇ ಬಂದದ್ದು, ಮತ್ತು ಅವುಗಳಲ್ಲಿ ಹಲವಕ್ಕೆ ಗಡುವಿದೆ. ಬಾಯಲ್ಲಿ ಕೇಳಲು ಧೈರ್ಯ ಸಾಲದಿದ್ದರೆ ಬರೆದು ಕೇಳಿ. ಬರಹ ನಿಮ್ಮ ಪರವಾಗಿ ಸಾಕ್ಷಿಯೂ ಆಗುತ್ತದೆ.

ಹೊಳಲ್ಕೆರೆಯ ತಂಗಿಗೆ ಕೊನೆಯ ಮಾತು. ಇಂದು ಇ-ಕೋರ್ಟ್ಸ್‌ನಲ್ಲಿ ಹುಡುಕಿಸಿ. ನಾಳೆ ವಕೀಲರಿಗೆ ಕಾಗದ ಅಂಚೆಗೆ ಹಾಕಿ. ಅವರ ಉತ್ತರಕ್ಕೆ ಕಾಯದೆ ಇದೇ ವಾರ ಕಾನೂನು ಸೇವಾ ಸಮಿತಿಗೆ ಯಜಮಾನರನ್ನು ಕರೆದುಕೊಂಡು ಹೋಗಿ, ಸೆಪ್ಟೆಂಬರ್‌ನ ಗಡುವನ್ನು ಮೊದಲ ಮಾತಾಗಿ ಹೇಳಿ. ಅವರ ಬೆರಳಿಗೆ ಕಾನೂನು ಕಟ್ಟಿರುವ ಬೆಲೆ 40,000 ಅಲ್ಲ, ಸುಮಾರು ಐದು ಲಕ್ಷ ಮತ್ತು ಬಡ್ಡಿ. ಅದನ್ನು ಪೂರ್ತಿ ಕೇಳಿ.